ಹೊಲದ ಉಕ್ಕಿನ ಶೆಡ್ಡು: ಮಾನಕ, ಕರಾರು ಮತ್ತು ತಪಾಸಣೆ
ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ರೈತರಿಗೆ ತಾಂತ್ರಿಕ ಮಾಹಿತಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ, ಗೇಟು ನೀರಿನ ರಭಸಕ್ಕೆ ಕೊಚ್ಚಿಹೋದುದು ಈ ಭಾಗದ ರೈತರಿಗೆಲ್ಲ ನೆನಪಿದೆ. ಅಣೆಕಟ್ಟಿನಲ್ಲಿ ಅಂಥ 33 ಗೇಟುಗಳಿವೆ. ಉಳಿದ 32 ಗೇಟುಗಳು ತಮ್ಮ ಜಾಗದಲ್ಲೇ ನಿಂತಿದ್ದರೂ ಆ ಒಂದು ಗೇಟಿನ ಜಾಗದಲ್ಲಿ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ಮುಗಿಸಲು ಸುಮಾರು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಭತ್ತದ ನಾಟಿಗೆ ಕಾದಿದ್ದ ನೀರಿನಲ್ಲಿ ದೊಡ್ಡ ಪಾಲು ನದಿಗೆ ಹರಿಯಿತು. ಉಕ್ಕಿನ ರಚನೆಯ ಬಲ ಅದರ ಅತ್ಯಂತ ದುರ್ಬಲ ಕೊಂಡಿಯ ಬಲಕ್ಕಿಂತ ಹೆಚ್ಚಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಇದೇ ಮಾತು ಹೊಲದ ಅಂಚಿನಲ್ಲಿ ನಿಂತಿರುವ ತಗಡಿನ ಶೆಡ್ಡಿಗೂ ಅನ್ವಯಿಸುತ್ತದೆ. ಸಿರುಗುಪ್ಪದ ಭತ್ತ, ಕುರುಗೋಡು ಮತ್ತು ಬಳ್ಳಾರಿ ತಾಲ್ಲೂಕುಗಳ ಮೆಣಸಿನಕಾಯಿ ಹಾಗೂ ಹತ್ತಿ, ಟ್ರ್ಯಾಕ್ಟರು, ಗೊಬ್ಬರ, ಕುರಿ ಮಂದೆ ಇವೆಲ್ಲಕ್ಕೂ ಈಗ ಉಕ್ಕಿನ ಶೆಡ್ಡೇ ಆಸರೆ. ಬಳ್ಳಾರಿ ನಗರದ ಸತ್ಯನಾರಾಯಣಪೇಟೆಯಲ್ಲಿ ಮನೆ ಕಟ್ಟುವವರು ನಕ್ಷೆ ಬರೆಸಿ ಮಹಾನಗರ ಪಾಲಿಕೆಯ ಅನುಮತಿ ಪಡೆಯಬೇಕಾಗುತ್ತದೆ. ಹೊಲದಲ್ಲಿ ಏಳುವ ಶೆಡ್ಡಿಗಾದರೋ ಸಾಮಾನ್ಯವಾಗಿ ನಕ್ಷೆಯೂ ಇರುವುದಿಲ್ಲ, ತಪಾಸಣೆಯೂ ನಡೆಯುವುದಿಲ್ಲ. ವೆಲ್ಡಿಂಗ್ ಕೆಲಸದವರೊಡನೆ ಚದರ ಅಡಿಗೆ ಇಷ್ಟು ಎಂದು ಬಾಯಿಮಾತಿನಲ್ಲಿ ದರ ಮುರಿದು ಕೆಲಸ ಆರಂಭವಾಗುತ್ತದೆ. ಏಪ್ರಿಲ್, ಮೇ ತಿಂಗಳ ಬಿರುಗಾಳಿ ಬೀಸಿದಾಗ ಮಾತ್ರ ಅದರ ಲೋಪಗಳು ಹೊರಬೀಳುತ್ತವೆ. ಆ ವೇಳೆಗೆ ಕೊಯ್ಲಾದ ಫಸಲು ಒಳಗಿರುತ್ತದೆ. ಎಷ್ಟೋ ಕಡೆ ಕೂಲಿಯವರೂ ಒಳಗೆ ಮಲಗಿರುತ್ತಾರೆ.

ಈ ಲೇಖನದ ಮುಖ್ಯ ಸಲಹೆ ಒಂದೇ. ಐಎಸ್‌ಐ ಗುರುತಿನ ಉಕ್ಕು ಕೊಂಡ ಮಾತ್ರಕ್ಕೆ ಶೆಡ್ಡು ಮಾನಕಬದ್ಧವಾಗುವುದಿಲ್ಲ. ಸಾಮಗ್ರಿ, ವಿನ್ಯಾಸ, ಜೋಡಣೆ, ಲೇಪನ ಈ ನಾಲ್ಕಕ್ಕೂ ಬೇರೆ ಬೇರೆ ಮಾನಕಗಳಿವೆ. ಅವುಗಳಲ್ಲಿ ಹೆಚ್ಚಿನವು ನಿಮ್ಮ ಕರಾರಿನಲ್ಲಿ ಬರೆದಾಗ ಮಾತ್ರ ನಿಮ್ಮ ಹೊಲಕ್ಕೆ ಬರುತ್ತವೆ.

ಮಾನಕ ಯಾರನ್ನು ಬಂಧಿಸುತ್ತದೆ?

ನಮ್ಮ ದೇಶದಲ್ಲಿ ಮಾನಕಗಳನ್ನು ರೂಪಿಸುವ ಸಂಸ್ಥೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್. 1947ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಯೇ 1987ರಿಂದ ಈ ಹೆಸರು ಪಡೆಯಿತು. ಹಳೆಯ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಾದ ಐಎಸ್‌ಐ ಮಾತ್ರ ಗುರುತಿನ ಹೆಸರಾಗಿ ಉಳಿದುಕೊಂಡಿತು. ಉಕ್ಕಿನ ಕೊರತೆ ತೀವ್ರವಾಗಿದ್ದ 1950ರ ಸುಮಾರಿನಲ್ಲಿ, ಕಡಿಮೆ ಉಕ್ಕಿನಲ್ಲಿ ಸುರಕ್ಷಿತ ಕಟ್ಟಡ ಕಟ್ಟುವ ಉದ್ದೇಶದಿಂದ ಈ ಸಂಸ್ಥೆ ಉಕ್ಕು ಮಿತವ್ಯಯ ಕಾರ್ಯಕ್ರಮವನ್ನು ಕೈಗೊಂಡಿತು. ಉಕ್ಕಿನ ಕಟ್ಟಡಗಳ ಸಂಹಿತೆಯಾದ ಐಎಸ್ 800 ಮೊದಲು ಪ್ರಕಟವಾದುದು 1956ರಲ್ಲಿ. 1962, 1984 ಮತ್ತು 2007ರಲ್ಲಿ ಅದು ಪರಿಷ್ಕೃತಗೊಂಡಿತು. ಮಾನಕವೆಂದರೆ ಖರ್ಚು ಹೆಚ್ಚಿಸುವ ಕಾಗದವೆಂಬ ಭಾವನೆ ನಮ್ಮಲ್ಲಿದೆ. ಅದರ ಮೂಲ ಉದ್ದೇಶ ಮಾತ್ರ ಬೇಕಾದಲ್ಲಿ ಬೇಕಾದಷ್ಟೇ ಉಕ್ಕು ಬಳಸುವುದಾಗಿತ್ತು.

ಮಾನಕಗಳಲ್ಲಿ ಎರಡು ಬಗೆ ಇರುವುದನ್ನು ರೈತರು ತಿಳಿದಿರಬೇಕು.

ಮೊದಲನೆಯದು ವಸ್ತುವಿಗೆ ಸಂಬಂಧಿಸಿದ್ದು. ಕೇಂದ್ರ ಉಕ್ಕು ಸಚಿವಾಲಯದ ಗುಣಮಟ್ಟ ನಿಯಂತ್ರಣ ಆದೇಶಗಳ ಪಟ್ಟಿಯಲ್ಲಿರುವ ಉಕ್ಕಿನ ಉತ್ಪನ್ನಗಳಿಗೆ ಬಿಐಎಸ್ ಗುರುತು ಕಡ್ಡಾಯ. ಟಿಎಂಟಿ ಸರಳುಗಳ ಐಎಸ್ 1786 ಮತ್ತು ಆಂಗಲ್, ಚಾನಲ್, ಪ್ಲೇಟುಗಳ ಐಎಸ್ 2062 ಈ ಪಟ್ಟಿಯಲ್ಲಿವೆ. ಇಲ್ಲಿ ಕಾನೂನೇ ನಿಮ್ಮ ಪರವಾಗಿ ನಿಲ್ಲುತ್ತದೆ.

ಎರಡನೆಯದು ಕಟ್ಟುವ ವಿಧಾನಕ್ಕೆ ಸಂಬಂಧಿಸಿದ್ದು. ಐಎಸ್ 800 ಮತ್ತು ಗಾಳಿಯ ಒತ್ತಡವನ್ನು ಲೆಕ್ಕ ಹಾಕುವ ಐಎಸ್ 875ರ ಮೂರನೆಯ ಭಾಗ ಈ ಬಗೆಯವು. ಕಟ್ಟಡ ಉಪವಿಧಿಗಳಲ್ಲಾಗಲಿ ಕರಾರಿನಲ್ಲಾಗಲಿ ಉಲ್ಲೇಖಿಸಿದಾಗ ಇವು ಬಂಧಕವಾಗುತ್ತವೆ. ಹೊಲದ ಶೆಡ್ಡಿನ ವಿಷಯದಲ್ಲಿ ಉಪವಿಧಿಯ ತಪಾಸಣೆ ತಲುಪುವುದು ವಿರಳವಾದ್ದರಿಂದ ಕರಾರೊಂದೇ ದಾರಿ. ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕು ಸ್ಥಾವರಗಳಲ್ಲಿ ಒಂದಿರುವ ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಉಕ್ಕಿಗೆ ಬರವಿಲ್ಲ. ಕೊರತೆ ಇರುವುದು ಆ ಉಕ್ಕನ್ನು ನಿಲ್ಲಿಸುವ ಕ್ರಮದಲ್ಲಿ.

ಸಾಮಗ್ರಿ: ಗುರುತು, ಪ್ರಮಾಣಪತ್ರ, ತೂಕ

ಭತ್ತ ಮಾರುವಾಗ ತೇವಾಂಶ ನೋಡಿ ತೂಕ ಹಾಕಿಸುವ ರೈತರು ಉಕ್ಕು ಕೊಳ್ಳುವಾಗಲೂ ಅಷ್ಟೇ ಎಚ್ಚರಿಕೆ ವಹಿಸಬೇಕು. ಮೂರು ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು.

1. ಗುರುತು: ಐಎಸ್‌ಐ ಗುರುತಿನ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆಯೂ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಈ ಪರವಾನಗಿ ಸಂಖ್ಯೆಯನ್ನು ನಮೂದಿಸಿದರೆ ತಯಾರಕರ ಹೆಸರು, ಉತ್ಪನ್ನ ಮತ್ತು ಪರವಾನಗಿ ಜಾರಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಸಂಖ್ಯೆಯಿಲ್ಲದ ಬರಿಯ ಗುರುತನ್ನು ನಂಬಬಾರದು.

2. ಪ್ರಮಾಣಪತ್ರ: ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಹೀಟ್ ನಂಬರ್, ಇಂಗಾಲ, ಗಂಧಕ, ರಂಜಕಗಳ ಪ್ರಮಾಣ, ಉಕ್ಕು ಬಾಗಿ ಮರಳದೆ ಉಳಿಯುವ ಹಂತದ ಬಲ ಮತ್ತು ಎಳೆದಾಗ ಹಿಗ್ಗುವ ಪ್ರಮಾಣ ನಮೂದಾಗಿರುತ್ತವೆ. ಆಂಗಲ್ ಮತ್ತು ಚಾನಲುಗಳಿಗೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಇ 250 ದರ್ಜೆ. ಟಿಎಂಟಿಯಲ್ಲಿ ಎಫ್‌ಇ 500 ಮತ್ತು ಎಫ್‌ಇ 500ಡಿ ಎರಡರ ಬಲ ಹೆಚ್ಚು ಕಡಿಮೆ ಒಂದೇ. ಆದರೆ ಮುರಿಯುವ ಮುನ್ನ ಮೊದಲನೆಯದು ಕನಿಷ್ಠ ಶೇ. 12ರಷ್ಟು ಹಿಗ್ಗಬೇಕು, ಎರಡನೆಯದು ಶೇ. 16ರಷ್ಟು. ಹೆಚ್ಚು ಹಿಗ್ಗುವ ಸರಳು ಬಾಗಿ ಮುನ್ಸೂಚನೆ ಕೊಡುತ್ತದೆ, ಥಟ್ಟನೆ ಮುರಿಯುವುದಿಲ್ಲ.

3. ತೂಕ: ದಪ್ಪದಲ್ಲಿ ಆಗುವ ಮೋಸ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಟಿಎಂಟಿ ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂಗಳಲ್ಲಿ ಬರುತ್ತದೆ. ಅದರಂತೆ 12 ಮೀಟರ್ ಉದ್ದದ ಒಂದು ಸರಳು 8 ಮಿ.ಮೀ.ನದಾದರೆ ಸುಮಾರು 4.7 ಕಿಲೋ, 10 ಮಿ.ಮೀ.ನದಾದರೆ 7.4 ಕಿಲೋ, 12 ಮಿ.ಮೀ.ನದಾದರೆ 10.7 ಕಿಲೋ, 16 ಮಿ.ಮೀ.ನದಾದರೆ 19 ಕಿಲೋ ತೂಗಬೇಕು. ಬಿಡಿ ಸರಳಿನಲ್ಲಿ 10 ಮಿ.ಮೀ.ವರೆಗೆ ಶೇ. 8ರಷ್ಟು, 16 ಮಿ.ಮೀ.ವರೆಗೆ ಶೇ. 6ರಷ್ಟು ಕೊರತೆಯನ್ನು ಮಾನಕ ಒಪ್ಪುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಹಿಂದಿರುಗಿಸಿ. ಹಾಗೆಯೇ 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ 6 ಮೀಟರ್ ಉದ್ದದ ಆಂಗಲ್ ಸುಮಾರು 27 ಕಿಲೋ ಇರಬೇಕು. ಅದು 23 ಕಿಲೋ ತೂಗಿದರೆ ನಿಮಗೆ ಬಂದಿರುವುದು 5 ಮಿ.ಮೀ. ದಪ್ಪದ ಆಂಗಲ್.

ಗುರುತು, ಪ್ರಮಾಣಪತ್ರ ಎರಡೂ ಇಲ್ಲದ ಹಳೆಯ ಉಕ್ಕನ್ನು ಬಾಗಿಲು, ಬೇಲಿಗಳಿಗೆ ಬಳಸಬಹುದು. ಕಂಬ ಮತ್ತು ಟ್ರಸ್ಸಿಗೆ ಬಳಸಬಾರದು.

ವಿನ್ಯಾಸ: ಶೆಡ್ಡು ಬೀಳುವುದಕ್ಕಿಂತ ಹಾರುವುದೇ ಹೆಚ್ಚು

ಕಲ್ಲುಗೋಡೆಯ ಮನೆ ತನ್ನ ಭಾರದಿಂದ ನಿಲ್ಲುತ್ತದೆ. ತಗಡಿನ ಶೆಡ್ಡಿಗೆ ಅಂಥ ಭಾರವಿಲ್ಲ. ಗಾಳಿ ಛಾವಣಿಯ ಮೇಲೆ ಹಾಯುವಾಗ ತಗಡನ್ನು ಮೇಲಕ್ಕೆ ಎಳೆಯುತ್ತದೆ; ತೆರೆದ ಬದಿಯಿಂದ ಒಳನುಗ್ಗಿದರೆ ಕೆಳಗಿನಿಂದಲೂ ಒತ್ತುತ್ತದೆ. ಆದಕಾರಣ ಶೆಡ್ಡಿನ ವಿನ್ಯಾಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಭಾರ ಹೊರುತ್ತದೆ ಎಂಬುದಲ್ಲ, ಎಷ್ಟು ಎಳೆತ ತಡೆಯುತ್ತದೆ ಎಂಬುದು.

ಐಎಸ್ 875ರ ಮೂರನೆಯ ಭಾಗವು ದೇಶವನ್ನು ಗಾಳಿಯ ಮೂಲ ವೇಗಕ್ಕೆ ಅನುಸಾರವಾಗಿ ವಲಯಗಳನ್ನಾಗಿ ವಿಂಗಡಿಸಿದೆ. ಅದರ ಪಟ್ಟಿಯಲ್ಲಿ ಬೆಂಗಳೂರು ಮತ್ತು ಮೈಸೂರಿಗೆ ಸೆಕೆಂಡಿಗೆ 33 ಮೀಟರ್, ನಮ್ಮ ಪೂರ್ವದ ನೆರೆಯಾದ ಕರ್ನೂಲಿಗೆ 39 ಮೀಟರ್ ಎಂದಿದೆ. ನಿಮ್ಮ ಜಾಗಕ್ಕೆ ಅನ್ವಯಿಸುವ ವೇಗವನ್ನು ಇಂಜಿನಿಯರು ಮಾನಕದ ನಕ್ಷೆಯಿಂದ ತೆಗೆದು ಶೆಡ್ಡಿನ ನಕ್ಷೆಯ ಮೇಲೆಯೇ ಬರೆಯತಕ್ಕದ್ದು. ವೇಗ 33ರಿಂದ 39ಕ್ಕೆ ಏರಿದರೆ ಹೆಚ್ಚಳ ಶೇ. 18 ಮಾತ್ರ ಎಂದು ಕಾಣಬಹುದು. ಆದರೆ ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಚದರ ಮೀಟರಿಗೆ ಸುಮಾರು 66 ಕಿಲೋ ಇದ್ದ ಒತ್ತಡ 93 ಕಿಲೋ ಆಗುತ್ತದೆ, ಅಂದರೆ ಶೇ. 40ರಷ್ಟು ಹೆಚ್ಚುತ್ತದೆ.

ಒಂದು ಉದಾಹರಣೆ ನೋಡೋಣ. 9 ಮೀಟರ್ ಅಗಲ, 18 ಮೀಟರ್ ಉದ್ದದ, ಅಂದರೆ ಸರಿಸುಮಾರು 30ಕ್ಕೆ 60 ಅಡಿಯ ಶೆಡ್ಡಿಗೆ ಹತ್ತು ಕಂಬಗಳಿವೆ ಎಂದುಕೊಳ್ಳಿ. ಛಾವಣಿಯ ವಿಸ್ತೀರ್ಣ 162 ಚದರ ಮೀಟರ್. ಲೆಕ್ಕದ ಸರಳತೆಗಾಗಿ ಮೇಲೆ ಹೇಳಿದ ಒತ್ತಡವೇ ಪೂರ್ತಿಯಾಗಿ ಮೇಲಕ್ಕೆ ಎಳೆಯುತ್ತದೆ ಎಂದು ಭಾವಿಸೋಣ. ತಗಡು, ಪರ್ಲಿನ್, ಟ್ರಸ್ಸುಗಳ ಒಟ್ಟು ತೂಕ 3.5 ಟನ್ ಎಂದು ಹಿಡಿಯೋಣ.

ವೇಗ 33 ಮೀಟರ್ ಆದಾಗ: ಎಳೆತ 10.7 ಟನ್, ಛಾವಣಿಯ ತೂಕ ಕಳೆದು ಉಳಿಯುವುದು 7.2 ಟನ್, ಸರಾಸರಿ ಪ್ರತಿ ಕಂಬಕ್ಕೆ ಸುಮಾರು 720 ಕಿಲೋ.

ವೇಗ 39 ಮೀಟರ್ ಆದಾಗ: ಎಳೆತ ಸುಮಾರು 15 ಟನ್, ಉಳಿಯುವುದು 11.5 ಟನ್, ಸರಾಸರಿ ಪ್ರತಿ ಕಂಬಕ್ಕೆ ಸುಮಾರು 1,150 ಕಿಲೋ.

ಈಗ ಕಂಬದ ಬುಡವನ್ನು ನೋಡಿ. ಒಂದೂವರೆ ಅಡಿ ಚೌಕದ, ಎರಡು ಅಡಿ ಆಳದ ಗುಂಡಿಗೆ ತುಂಬಿದ ಕಾಂಕ್ರೀಟಿನ ತೂಕ ಸುಮಾರು 300 ಕಿಲೋ ಮಾತ್ರ. ಎರಡೂವರೆ ಅಡಿ ಚೌಕದ, ಮೂರು ಅಡಿ ಆಳದ ಗುಂಡಿಯದು ಸುಮಾರು 1,270 ಕಿಲೋ. ಬಿರುಗಾಳಿಗೆ ಕಂಬಗಳು ಬುಡಸಮೇತ ಕಿತ್ತು ಬರುವುದೇಕೆ ಎಂಬುದು ಈ ಎರಡು ಸಂಖ್ಯೆಗಳಿಂದ ಸ್ಪಷ್ಟವಾಗುತ್ತದೆ. ಇದು ವಿಷಯವನ್ನು ತಿಳಿಸಲು ಕೊಟ್ಟ ಲೆಕ್ಕವೇ ಹೊರತು ವಿನ್ಯಾಸವಲ್ಲ. ಎತ್ತರ, ಸುತ್ತಲಿನ ಬಯಲು, ಛಾವಣಿಯ ಇಳಿಜಾರು ಇವುಗಳನ್ನೆಲ್ಲ ಸೇರಿಸಿ ಅರ್ಹ ಇಂಜಿನಿಯರು ಅಂತಿಮ ಲೆಕ್ಕ ಮಾಡಬೇಕು.

ಮೂರು ಕಡೆ ಗೋಡೆಯಿದ್ದು ಒಂದು ಕಡೆ ತೆರೆದ ಶೆಡ್ಡಿಗೆ, ತೆರೆದ ಬದಿಯಿಂದ ಗಾಳಿ ನುಗ್ಗಿದಾಗ ಎಳೆತ ಇನ್ನೂ ಹೆಚ್ಚಾಗುತ್ತದೆ. ಮುಂಗಾರಿನ ಗಾಳಿ ಬೀಸುವ ಪಶ್ಚಿಮ ಮತ್ತು ನೈರುತ್ಯ ದಿಕ್ಕಿಗೆ ತೆರೆದ ಬದಿಯನ್ನು ಇಡದಿರುವುದು ಒಳಿತು. ಬೇಸಿಗೆಯ ಬಿರುಗಾಳಿ ಯಾವ ದಿಕ್ಕಿನಿಂದಲೂ ಬರಬಹುದಾದ್ದರಿಂದ, ದಿಕ್ಕು ಸರಿಯಿದೆಯೆಂದು ಬುನಾದಿಯನ್ನು ಕಿರಿದು ಮಾಡಬಾರದು.

ಈ ಮಾನಕದಲ್ಲಿ ರೈತರಿಗೆ ನೇರವಾಗಿ ಸಂಬಂಧಿಸಿದ ಒಂದು ವಿನಾಯಿತಿ ಇದೆ. ವಾಸಕ್ಕಲ್ಲದ ಕೃಷಿ ಕಟ್ಟಡಗಳನ್ನು ಅದು ಕಡಿಮೆ ಅಪಾಯದ ವರ್ಗಕ್ಕೆ ಸೇರಿಸಿ, 25 ವರ್ಷಗಳ ಬಾಳಿಕೆ ಹಿಡಿದು, ಗಾಳಿಯ ವೇಗವನ್ನು 33ರ ವಲಯದಲ್ಲಿ ಶೇ. 6ರಷ್ಟು, 39ರ ವಲಯದಲ್ಲಿ ಶೇ. 8ರಷ್ಟು ಕಡಿಮೆ ಮಾಡಿಕೊಳ್ಳಲು ಅವಕಾಶ ನೀಡುತ್ತದೆ. ಮಾನಕ ಪಾಲಿಸಿದರೆ ಹೊಲದ ಶೆಡ್ಡಿಗೂ ಪೇಟೆಯ ಕಟ್ಟಡದಷ್ಟೇ ಖರ್ಚಾಗುತ್ತದೆ ಎಂಬ ಮಾತು ಆದ್ದರಿಂದ ಸರಿಯಲ್ಲ. ಆದರೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಬಂದ ಕೂಲಿ ಕುಟುಂಬಗಳು ರಾತ್ರಿ ಅದೇ ಶೆಡ್ಡಿನಲ್ಲಿ ಮಲಗುವುದಾದರೆ ಈ ವಿನಾಯಿತಿಗೆ ಆಧಾರವಿಲ್ಲ. ಶೆಡ್ಡಿನಲ್ಲಿ ಜನ ಉಳಿಯುವರೇ ಎಂಬುದನ್ನು ಇಂಜಿನಿಯರಿಗೆ ಮುಚ್ಚಿಡದೆ ತಿಳಿಸಿ.

ಟ್ರಸ್ಸಿನ ಸಣ್ಣ ಸದಸ್ಯಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಒಣಗಿದ ಜೋಳದ ದಂಟನ್ನು ಎರಡು ತುದಿ ಹಿಡಿದು ಎಳೆದರೆ ಸುಲಭಕ್ಕೆ ತುಂಡಾಗದು. ಅದೇ ತುದಿಗಳನ್ನು ಒತ್ತಿದರೆ ನಡುವೆ ಬಾಗಿ ಮುರಿಯುತ್ತದೆ. ಉದ್ದವಾದ ತೆಳು ಆಂಗಲ್ ಸಹ ಹಾಗೆಯೇ. ಅದಕ್ಕಾಗಿಯೇ ಒತ್ತಡ ಹೊರುವ ಸದಸ್ಯದ ಉದ್ದಕ್ಕೂ ಅದರ ತೆಳುವಿಗೂ ಇರುವ ಅನುಪಾತ 180ನ್ನು ಮೀರಬಾರದೆಂದು ಐಎಸ್ 800 ಮಿತಿ ಹಾಕಿದೆ. ಸಾಮಾನ್ಯ ದಿನಗಳಲ್ಲಿ ಎಳೆತದಲ್ಲಿರುವ ಟ್ರಸ್ಸಿನ ಕೆಳಪಟ್ಟಿ, ಗಾಳಿ ಛಾವಣಿಯನ್ನು ಮೇಲೆತ್ತಿದಾಗ ಒತ್ತಡಕ್ಕೆ ಒಳಗಾಗುತ್ತದೆ. ನೋಡಲು ಗಟ್ಟಿಯಾಗಿದ್ದ ಟ್ರಸ್ಸು ಗಾಳಿಯಲ್ಲಿ ತಿರುಚಿಕೊಳ್ಳುವುದು ಹೀಗೆ. ಕೆಳಪಟ್ಟಿಗಳನ್ನು ಪರಸ್ಪರ ಬಂಧಿಸುವ ಅಡ್ಡ ಆಂಗಲ್‌ಗಳನ್ನು, ಕಂಬಗಳ ನಡುವಿನ ಕತ್ತರಿ ಬಂಧಗಳನ್ನು ಉಳಿತಾಯದ ಹೆಸರಿನಲ್ಲಿ ಬಿಡಬೇಡಿ.

ಎರೆ ಭೂಮಿಯ ಬುನಾದಿ

ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಈ ಬಿರುಕಿನ ವಲಯದಲ್ಲಿಯೇ ನಿಂತ ಬುನಾದಿ ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಡುತ್ತದೆ, ಕಂಬಗಳು ವಾಲುತ್ತವೆ, ಬೋಲ್ಟುಗಳ ಮೇಲೆ ಅನವಶ್ಯಕ ಒತ್ತಡ ಬೀಳುತ್ತದೆ. ಬುನಾದಿಯನ್ನು ಬಿರುಕಿನ ಆಳಕ್ಕಿಂತ ಕೆಳಗೆ ಇಳಿಸಬೇಕು ಅಥವಾ ತುದಿಯಲ್ಲಿ ಅಗಲಿಸಿದ ಪೈಲ್ ಬಳಸಬೇಕು. ಗುಂಡಿ ತೋಡಿದಾಗ ಗರಸು ಎಷ್ಟು ಆಳದಲ್ಲಿ ಸಿಕ್ಕಿತೆಂಬುದನ್ನು ಬರೆದಿಡಿ. ಶೆಡ್ಡಿನ ಸುತ್ತ ನೀರು ನಿಲ್ಲದಂತೆ ಕಾಲುವೆ ತೆಗೆಯಿರಿ.

ಕಂಬವನ್ನು ನೇರವಾಗಿ ಮಣ್ಣಿನಲ್ಲಿ ಹೂಳುವ ರೂಢಿಯನ್ನು ಕೈಬಿಡಬೇಕು. ತುಂಗಭದ್ರಾ ಅಚ್ಚುಕಟ್ಟಿನ ಸವುಳು ಜಮೀನುಗಳಲ್ಲಿ ಉಪ್ಪು ಮತ್ತು ತೇವ ಎರಡೂ ಇರುವುದರಿಂದ ನೆಲಮಟ್ಟದ ಒಂದೆರಡು ಅಂಗುಲದಲ್ಲಿಯೇ ಕಂಬ ತುಕ್ಕು ಹಿಡಿದು ತೆಳುವಾಗುತ್ತದೆ. ಕಾಂಕ್ರೀಟ್ ಪೀಠವನ್ನು ನೆಲದಿಂದ ಒಂದು ಅಡಿಯಾದರೂ ಎತ್ತರಿಸಿ, ಅದರ ಮೇಲೆ ಬೇಸ್ ಪ್ಲೇಟ್ ಇಟ್ಟು ಆಂಕರ್ ಬೋಲ್ಟುಗಳಿಂದ ಬಿಗಿಯುವುದು ಉತ್ತಮ ಕ್ರಮ.

ಜೋಡಣೆ: ಬೆಸುಗೆ, ಬೋಲ್ಟು, ಸ್ಕ್ರೂ

ಐಎಸ್ 800ರ 2007ರ ಪರಿಷ್ಕರಣೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕಾರ್ಖಾನೆಯಲ್ಲಿ ಹಾಕಿದ ಬೆಸುಗೆಯ ಬಲವನ್ನು 1.25ರಿಂದ ಭಾಗಿಸಿ ಲೆಕ್ಕ ಹಿಡಿಯಬೇಕು; ಸ್ಥಳದಲ್ಲಿಯೇ ಹಾಕಿದ ಬೆಸುಗೆಯ ಬಲವನ್ನು 1.50ರಿಂದ ಭಾಗಿಸಬೇಕು. ಅಂದರೆ ಹೊಲದಲ್ಲಿ ಏಣಿಯ ಮೇಲೆ ನಿಂತು, ಗಾಳಿ ಧೂಳಿನ ನಡುವೆ ಹಾಕಿದ ಬೆಸುಗೆಗೆ ಸಂಹಿತೆಯೇ ಆರನೆಯ ಒಂದು ಪಾಲು ಬಲವನ್ನು ಕಡಿತ ಮಾಡುತ್ತದೆ. ಇದರಿಂದ ಬರುವ ಸಲಹೆ ಸರಳ: ಟ್ರಸ್ಸು, ಬೇಸ್ ಪ್ಲೇಟುಗಳ ಬೆಸುಗೆಯನ್ನು ವೆಲ್ಡಿಂಗ್ ಶಾಪಿನಲ್ಲಿಯೇ ಮುಗಿಸಿ ತರಿಸಿರಿ, ಹೊಲದಲ್ಲಿ ಬೋಲ್ಟು ಹಾಕಿ ಜೋಡಿಸಿರಿ.

ಬೆಸುಗೆಯನ್ನು ಬರಿಗಣ್ಣಿನಿಂದ ಪರೀಕ್ಷಿಸುವಾಗ ಕೆಳಗಿನವುಗಳನ್ನು ನೋಡಿ.

1. ಬಣ್ಣ ಬಳಿಯುವ ಮುನ್ನವೇ ನೋಡಬೇಕು. ಬಣ್ಣ ದೋಷವನ್ನು ಮುಚ್ಚುತ್ತದೆ.
2. ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ತೆಗೆದಿರಬೇಕು.
3. ಬೆಸುಗೆಯಲ್ಲಿ ಸೂಜಿರಂಧ್ರ, ಬಿರುಕು, ಅಂಚಿನಲ್ಲಿ ಕೊರೆದಂಥ ಗುಳಿ ಇರಬಾರದು.
4. ಜೋಡಣೆಯ ಉದ್ದಕ್ಕೂ ನಕ್ಷೆಯಲ್ಲಿ ತೋರಿಸಿದಷ್ಟು ಬೆಸುಗೆ ಇರಬೇಕು. ನಾಲ್ಕು ಚುಕ್ಕೆ ಹಾಕಿ ನಿಲ್ಲಿಸಿದ್ದು ತಾತ್ಕಾಲಿಕ ಹಿಡಿತವೇ ಹೊರತು ಬೆಸುಗೆಯಲ್ಲ.
5. ಕೋನದ ಬೆಸುಗೆಯ ಅಳತೆ, ಜೋಡಿಸುವ ಭಾಗ 10 ಮಿ.ಮೀ. ದಪ್ಪದವರೆಗಿದ್ದರೆ ಕನಿಷ್ಠ 3 ಮಿ.ಮೀ., 20 ಮಿ.ಮೀ.ವರೆಗಿದ್ದರೆ ಕನಿಷ್ಠ 5 ಮಿ.ಮೀ. ಇರಬೇಕು.
6. ವೆಲ್ಡಿಂಗ್ ರಾಡುಗಳು ಐಎಸ್ 814ರ ಗುರುತಿನವಾಗಿದ್ದು ಒಣಗಿರಬೇಕು. ತೇವಗೊಂಡ ರಾಡಿನಿಂದ ಬೆಸುಗೆಯಲ್ಲಿ ರಂಧ್ರ ಬೀಳುತ್ತದೆ.

ತಗಡಿನ ಅಂಚು, ಮೂಲೆ ಮತ್ತು ಮೇಲ್ತುದಿಗಳಲ್ಲಿ ಗಾಳಿಯ ಎಳೆತ ನಡುಭಾಗಕ್ಕಿಂತ ಹೆಚ್ಚು. ಆದ್ದರಿಂದ ಆ ಸಾಲುಗಳಲ್ಲಿ ಸ್ಕ್ರೂ ಅಥವಾ ಜೆ ಬೋಲ್ಟುಗಳನ್ನು ಹತ್ತಿರ ಹತ್ತಿರ ಹಾಕಬೇಕು. ಎಲ್ಲೆಡೆ ಒಂದೇ ಅಂತರವೆಂಬ ರೂಢಿ ಸರಿಯಲ್ಲ. ಒಂದು ಮೂಲೆಯ ತಗಡು ಎದ್ದರೆ ಅದರ ಹಿಂದೆಯೇ ಸಾಲು ಸಾಲಾಗಿ ಉಳಿದವೂ ಏಳುತ್ತವೆ.

ಲೇಪನ ಮತ್ತು ತುಕ್ಕು

ಸತುವಿನ ಲೇಪನವುಳ್ಳ ತಗಡಿನ ಮಾನಕ ಐಎಸ್ 277. ಲೇಪನದ ದರ್ಜೆಯನ್ನು ಎರಡೂ ಮೈ ಸೇರಿ ಚದರ ಮೀಟರಿಗೆ ಎಷ್ಟು ಗ್ರಾಂ ಸತುವಿದೆ ಎಂಬುದರಿಂದ ಹೇಳುತ್ತಾರೆ. 120 ಮತ್ತು 275 ಎಂಬ ದರ್ಜೆಗಳ ತಗಡು ಕಣ್ಣಿಗೆ ಒಂದೇ ರೀತಿ ಹೊಳೆಯಬಹುದು. ಎರಡನೆಯದರಲ್ಲಿ ಇಮ್ಮಡಿಗಿಂತ ಹೆಚ್ಚು ಸತುವಿರುತ್ತದೆ, ಬಾಳಿಕೆಯೂ ಆ ಪ್ರಮಾಣದಲ್ಲಿ ಹೆಚ್ಚು. ತಗಡಿನ ದಪ್ಪವನ್ನು ಕೇಳುವಂತೆ ಲೇಪನದ ದರ್ಜೆಯನ್ನೂ ಕೇಳಿ ಬಿಲ್ಲಿನಲ್ಲಿ ಬರೆಸಿರಿ.

ಸತು ಲೇಪಿತ ಪೈಪಿಗೆ ಬೆಸುಗೆ ಹಾಕಿದ ಜಾಗದಲ್ಲಿ ಲೇಪನ ಸುಟ್ಟುಹೋಗುತ್ತದೆ. ಅಲ್ಲಿ ಉಜ್ಜಿ ಸ್ವಚ್ಛಗೊಳಿಸಿ ಸತುವಿನಂಶ ಹೆಚ್ಚಿರುವ ಬಣ್ಣ ಬಳಿಯತಕ್ಕದ್ದು. ಆ ಬೆಸುಗೆಯ ಹೊಗೆ ಸೇವನೆಯಿಂದ ಕೆಲಸಗಾರರಿಗೆ ಜ್ವರ ಬರುವುದುಂಟು. ಮುಚ್ಚಿದ ಜಾಗದಲ್ಲಿ ಈ ಕೆಲಸ ಮಾಡಿಸಬಾರದು.

ಗೊಬ್ಬರ ಚೀಲಗಳನ್ನು ಕಂಬ ಮತ್ತು ತಗಡಿಗೆ ತಾಗಿಸಿ ಪೇರಿಸಬೇಡಿ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡು ಉಕ್ಕನ್ನು ತಿನ್ನುತ್ತದೆ. ಕುರಿ, ಕೋಳಿಗಳ ಹಿಕ್ಕೆಯಿಂದ ಏಳುವ ಅಮೋನಿಯಾ ತೇವದೊಡನೆ ಸೇರಿ ಸತುವನ್ನು ಕರಗಿಸುತ್ತದೆ. ಚೀಲಗಳನ್ನು ಮರದ ಹಲಗೆಗಳ ಮೇಲೆ, ಬದಿಯಿಂದ ಎರಡು ಅಡಿ ದೂರದಲ್ಲಿಡಿ. ಕುರಿ ಶೆಡ್ಡಿನಲ್ಲಿ ಗಾಳಿಯಾಡಲು ಮೇಲ್ಭಾಗದಲ್ಲಿ ತೆರಪು ಬಿಡಿ.

ನೆರಳು ಪರದೆ ಮತ್ತು ಹಸಿರುಮನೆ

ಮೆಣಸಿನ ಸಸಿ ಬೆಳೆಸುವ ನೆರಳು ಪರದೆ ಮನೆಗಳಿಗೂ ಇದೇ ನಿಯಮಗಳು ಅನ್ವಯಿಸುತ್ತವೆ. ಹಸಿರುಮನೆಗಳ ವಿನ್ಯಾಸ ಮತ್ತು ನಿರ್ಮಾಣಕ್ಕೆ 1997ರ ಐಎಸ್ 14462 ಎಂಬ ಪ್ರತ್ಯೇಕ ಮಾನಕವಿದೆ. ರಚನೆಗೆ ಬಳಸುವ ದುಂಡು ಪೈಪುಗಳ ಮಾನಕ ಐಎಸ್ 1161. ಸಹಾಯಧನಕ್ಕೆ ಅರ್ಜಿ ಹಾಕುವ ಮುನ್ನ ಪೈಪಿನ ವ್ಯಾಸ, ಗೋಡೆಯ ದಪ್ಪ, ಲೇಪನ ಮತ್ತು ತಡೆಯಬೇಕಾದ ಗಾಳಿಯ ವೇಗಗಳ ವಿವರವನ್ನು ತಾಲ್ಲೂಕು ತೋಟಗಾರಿಕೆ ಕಚೇರಿಯಿಂದ ಬರಹದಲ್ಲಿ ಪಡೆದು, ಅದನ್ನೇ ನಿರ್ಮಾಣದಾರರ ಕರಾರಿಗೆ ಲಗತ್ತಿಸಿರಿ.

ಕರಾರಿನಲ್ಲಿ ಇರಬೇಕಾದ ಅಂಶಗಳು

ಛಾಪಾ ಕಾಗದದ ಮೇಲೆ ಒಂದೆರಡು ಪುಟದ ಕರಾರು ಸಾಕು. ಅದರಲ್ಲಿ ಕೆಳಗಿನವು ಇರಲಿ.

1. ಅರ್ಹ ಇಂಜಿನಿಯರಿನ ಸಹಿಯುಳ್ಳ ನಕ್ಷೆ. ಅದರ ಮೇಲೆ ಗಾಳಿಯ ವೇಗ, ಬುನಾದಿಯ ಅಳತೆ, ಪ್ರತಿ ಸದಸ್ಯದ ಗಾತ್ರ ಮತ್ತು ಬೆಸುಗೆಯ ಅಳತೆ.
2. "ವಿನ್ಯಾಸ ಮತ್ತು ನಿರ್ಮಾಣ ಐಎಸ್ 800 ಹಾಗೂ ಐಎಸ್ 875ರಂತೆ ಇರತಕ್ಕದ್ದು" ಎಂಬ ಸ್ಪಷ್ಟ ವಾಕ್ಯ.
3. ಆಂಗಲ್, ಚಾನಲ್, ಪ್ಲೇಟ್ ಐಎಸ್ 2062ರಂತೆ. ಟಿಎಂಟಿ ಐಎಸ್ 1786ರಂತೆ. ಚೌಕ ಪೈಪು ಐಎಸ್ 4923ರಂತೆ. ಜಿಐ ತಗಡು ಐಎಸ್ 277ರಂತೆ, ದಪ್ಪ ಹಾಗೂ ಲೇಪನದ ದರ್ಜೆ ಸಹಿತ.
4. ದರ ಚದರ ಅಡಿಯ ಲೆಕ್ಕದಲ್ಲಿದ್ದರೂ ಒಟ್ಟು ಉಕ್ಕಿನ ತೂಕದ ನಮೂದು. ಚದರ ಅಡಿಯ ದರವೊಂದೇ ಇದ್ದರೆ ತೆಳು ಉಕ್ಕು ಹಾಕಿದಷ್ಟೂ ಕೆಲಸದವರಿಗೆ ಲಾಭ.
5. ಹಂತ ಹಂತದ ಪಾವತಿ. ತಪಾಸಣೆ ಮುಗಿದ ಮೇಲೆ ಮಾತ್ರ ಮುಂದಿನ ಕಂತು.
6. ದೋಷ ಕಂಡರೆ ಎಷ್ಟು ಅವಧಿಯವರೆಗೆ ಉಚಿತವಾಗಿ ಸರಿಪಡಿಸಬೇಕು ಎಂಬ ಷರತ್ತು.
7. ಎಲ್ಲ ಸಾಮಗ್ರಿಗೂ ಜಿಎಸ್‌ಟಿ ಬಿಲ್ಲು ಮತ್ತು ಪರೀಕ್ಷಾ ಪ್ರಮಾಣಪತ್ರದ ಪ್ರತಿ.

ನಾಲ್ಕು ಹಂತದ ತಪಾಸಣೆ

ಮೊದಲ ಹಂತ, ಸಾಮಗ್ರಿ ಬಂದಾಗ: ಗುರುತು, ಪ್ರಮಾಣಪತ್ರ, ತೂಕ.

ಎರಡನೆಯ ಹಂತ, ಕಾಂಕ್ರೀಟ್ ಸುರಿಯುವ ಮುನ್ನ: ಗುಂಡಿಯ ಅಳತೆ, ಸರಳುಗಳ ಜೋಡಣೆ, ಆಂಕರ್ ಬೋಲ್ಟುಗಳ ಸ್ಥಾನ. ಅಳತೆ ಪಟ್ಟಿಯನ್ನು ಗುಂಡಿಯಲ್ಲಿಟ್ಟು ಫೋಟೊ ತೆಗೆದಿಡಿ. ಮುಚ್ಚಿಹೋದ ಬುನಾದಿಗೆ ಆ ಫೋಟೊ ಒಂದೇ ಸಾಕ್ಷಿ.

ಮೂರನೆಯ ಹಂತ, ತಗಡು ಹಾಕುವ ಮುನ್ನ: ಬೆಸುಗೆ, ಬೋಲ್ಟು, ಕತ್ತರಿ ಬಂಧ, ಕಂಬಗಳ ತೂಗುಗುಂಡು. ಈ ಹಂತದಲ್ಲಿ ಇಂಜಿನಿಯರು ಸ್ಥಳಕ್ಕೆ ಬರುವಂತೆ ಮೊದಲೇ ಗೊತ್ತುಪಡಿಸಿಕೊಳ್ಳಿ.

ನಾಲ್ಕನೆಯ ಹಂತ, ಕೆಲಸ ಮುಗಿದಾಗ: ಅಂಚಿನ ಸ್ಕ್ರೂಗಳು, ಬಣ್ಣ, ನೀರು ಹರಿಯುವ ವ್ಯವಸ್ಥೆ, ಪರ್ಲಿನ್‌ಗಳ ಜೋಲು. ಹಗುರ ತಗಡಿನ ಛಾವಣಿಯ ಪರ್ಲಿನ್ ಪೂರ್ಣ ಭಾರದಲ್ಲಿಯೂ ತನ್ನ ಉದ್ದದ 150ನೆಯ ಒಂದು ಭಾಗಕ್ಕಿಂತ ಹೆಚ್ಚು ಜೋಲಬಾರದು. 5 ಮೀಟರಿಗೆ ಇದು ಸುಮಾರು 33 ಮಿ.ಮೀ. ಭಾರವಿಲ್ಲದೆಯೇ ಕಣ್ಣಿಗೆ ಕಾಣುವಂತೆ ಜೋತಿದ್ದರೆ ಪರ್ಲಿನ್ ತೆಳುವಾಗಿದೆಯೆಂದೇ ಅರ್ಥ.

ಐಎಸ್‌ಐ ಗುರುತಿನ ವಸ್ತು ಮಾನಕಕ್ಕೆ ಅನುಗುಣವಾಗಿಲ್ಲವೆಂದು ಕಂಡುಬಂದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿಯೇ ದೂರು ನೀಡಬಹುದು. ಅಂಥ ಸಂದರ್ಭದಲ್ಲಿ ಗ್ರಾಹಕರಿಗೆ ಪರಿಹಾರ ಕೊಡಿಸುವ ಅವಕಾಶ 2016ರ ಬಿಐಎಸ್ ಕಾಯ್ದೆಯಲ್ಲಿದೆ. ಕೆಲಸದಲ್ಲಿ ಲೋಪವಾದರೆ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗಬಹುದು. ಎರಡಕ್ಕೂ ಬಿಲ್ಲು ಮತ್ತು ಕರಾರು ಆಧಾರ. ಬಾಯಿಮಾತಿನ ವ್ಯವಹಾರದಲ್ಲಿ ನ್ಯಾಯ ನಿಮ್ಮ ಕಡೆ ಇದ್ದರೂ ಸಾಕ್ಷಿ ಇರುವುದಿಲ್ಲ.

ಈಗಾಗಲೇ ಇರುವ ಶೆಡ್ಡುಗಳಿಗೆ

ಹಳೆಯ ಶೆಡ್ಡನ್ನು ಕೆಡವಬೇಕಾಗಿಲ್ಲ. ವರ್ಷಕ್ಕೆರಡು ಬಾರಿ, ಮಾರ್ಚ್ ತಿಂಗಳಲ್ಲಿ ಮತ್ತು ಮಳೆಗಾಲ ಮುಗಿದ ಮೇಲೆ, ಕಂಬದ ಬುಡವನ್ನು ಕೆರೆದು ನೋಡಿ. ಸಡಿಲ ಸ್ಕ್ರೂ, ಬೋಲ್ಟುಗಳನ್ನು ಬಿಗಿಯಿರಿ. ಬೆಸುಗೆಯ ಬಳಿ ತುಕ್ಕಿನ ಗೆರೆ ಕಂಡರೆ ಅದು ಬಿರುಕಿನ ಸೂಚನೆಯಾಗಿರಬಹುದು, ಇಂಜಿನಿಯರಿಗೆ ತೋರಿಸಿ. ಹೆಚ್ಚಿನ ಶೆಡ್ಡುಗಳಲ್ಲಿ ಬುನಾದಿಗೆ ಕಾಂಕ್ರೀಟ್ ಸೇರಿಸಿ, ಕತ್ತರಿ ಬಂಧ ಹಾಕಿ, ಅಂಚಿನ ಸ್ಕ್ರೂಗಳನ್ನು ಹೆಚ್ಚಿಸಿದರೆ ಬಲ ಗಣನೀಯವಾಗಿ ಏರುತ್ತದೆ. ದುರಸ್ತಿಯಾಗುವವರೆಗೆ ಬಿರುಗಾಳಿಯ ಮುನ್ಸೂಚನೆಯಿರುವ ರಾತ್ರಿಗಳಲ್ಲಿ ಅಂಥ ಶೆಡ್ಡಿನೊಳಗೆ ಯಾರನ್ನೂ ಮಲಗಿಸಬಾರದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಒಬ್ಬ ರೈತನಿಗೆ ಇಂಜಿನಿಯರಿನ ಶುಲ್ಕ ಭಾರವೆನಿಸಬಹುದು. ಒಂದೇ ಊರಿನ ಹತ್ತಾರು ರೈತರು ಒಂದೇ ಅಳತೆಯ ಶೆಡ್ಡು ಕಟ್ಟುವುದಾದರೆ, ಮಣ್ಣು ಮತ್ತು ಗಾಳಿಯ ಸ್ಥಿತಿ ಒಂದೇ ಆಗಿದ್ದಲ್ಲಿ, ಒಂದು ವಿನ್ಯಾಸ ಎಲ್ಲರಿಗೂ ಒದಗುತ್ತದೆ. ರೈತ ಉತ್ಪಾದಕ ಸಂಸ್ಥೆಗಳು ಮತ್ತು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ಇಂಥ ಸಾಮೂಹಿಕ ವಿನ್ಯಾಸ ಮಾಡಿಸಲು ಪ್ರೇರೇಪಿಸಿರಿ. 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಎರಡು ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ ಇದೆ. ಗೋದಾಮಿನ ಯೋಜನಾ ವರದಿ ಸಿದ್ಧಪಡಿಸುವಾಗ ನಕ್ಷೆ, ಮಾನಕಗಳ ಉಲ್ಲೇಖ ಮತ್ತು ತಪಾಸಣಾ ವೆಚ್ಚವನ್ನು ಅಂದಾಜು ಪಟ್ಟಿಯಲ್ಲಿಯೇ ಸೇರಿಸಲು ಸಲಹೆ ನೀಡಿ.

ಮಾನಕಗಳು ಬದಲಾಗುತ್ತಿರುತ್ತವೆ. ಪರಿಷ್ಕರಣೆಗೆ ಮುನ್ನ ಬಿಐಎಸ್ ಕರಡನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಪ್ರಕಟಿಸುತ್ತದೆ. ಎರೆ ಭೂಮಿ, ಸವುಳು, ಕೂಲಿಯವರ ವಾಸ್ತವ್ಯ ಮುಂತಾದ ನಮ್ಮ ಭಾಗದ ಸಂಗತಿಗಳನ್ನು ಆ ಹಂತದಲ್ಲಿ ಸಮಿತಿಯ ಮುಂದಿಡಲು ಯಾರಿಗೂ ಅಡ್ಡಿಯಿಲ್ಲ. ಗಾಳಿಗೆ ಹಾನಿಯಾದ ಶೆಡ್ಡುಗಳನ್ನು ಕಂಡಾಗ, ಅದು ಬುಡದಲ್ಲಿ ಕಿತ್ತಿತೇ, ಬೆಸುಗೆಯಲ್ಲಿ ಬಿಟ್ಟಿತೇ, ತಗಡಿನ ಅಂಚಿನಲ್ಲಿ ಎದ್ದಿತೇ ಎಂಬುದನ್ನು ಫೋಟೊ ಸಹಿತ ದಾಖಲಿಸಿರಿ. ಹಾನಿಯ ಮೊತ್ತವನ್ನು ಮಾತ್ರ ಬರೆದು ಕಾರಣವನ್ನು ಬಿಟ್ಟರೆ ಮುಂದಿನ ಶೆಡ್ಡು ಅದೇ ತಪ್ಪಿನೊಡನೆ ಏಳುತ್ತದೆ.

ಹೆಚ್ಚಿನ ಮಾಹಿತಿಗಾಗಿ ಹಗರಿಯ ಕೃಷಿ ವಿಜ್ಞಾನ ಕೇಂದ್ರ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ, ರಾಯಚೂರಿನ ಕೃಷಿ ಇಂಜಿನಿಯರಿಂಗ್ ಮಹಾವಿದ್ಯಾಲಯ ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ಮುಂಗಡ ಕೊಡುವ ಮುನ್ನ ಬನ್ನಿ. ಬುನಾದಿ ಮುಚ್ಚಿದ ಮೇಲೆ ಹೇಳಬಹುದಾದ ಸಲಹೆ ಬಹಳ ಕಡಿಮೆ.